ಇಸಿಜಿ ಯಂತ್ರದ ಮುಂದೆ ಮಾತ್ರ ಎದೆಬಡಿತದ ಓಟವನ್ನು ನಿಲ್ಲಿಸಬೇಡಿ

ನಿಮ್ಮ ಎದೆಬಡಿತ ಇದ್ದಕ್ಕಿದ್ದಂತೆ ನಿಮಿಷಕ್ಕೆ 180ಕ್ಕೆ ಓಡುತ್ತದೆ, ಆಸ್ಪತ್ರೆ ತಲುಪುವಷ್ಟರಲ್ಲಿ ಇಸಿಜಿ ನಾರ್ಮಲ್. ಒಬ್ಬ ವೈದ್ಯರು ಆತಂಕ ಎನ್ನುತ್ತಾರೆ, ಇನ್ನೊಬ್ಬರು ಅಬ್ಲೇಶನ್ (ಹೃದಯದೊಳಗಿನ ತಪ್ಪು ವಿದ್ಯುತ್ ದಾರಿಯನ್ನು ಸುಡುವ ಚಿಕಿತ್ಸೆ) ಎನ್ನುತ್ತಾರೆ, ಮೊದಲು ಯೋಗ ಮಾಡಿ ನೋಡಿ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಕೈ ತಾನಾಗಿಯೇ ನಾಡಿಯ ಮೇಲೆ ಹೋಯಿತು.

ನಾನು ಮಂಡ್ಯದವನು, ಪ್ರೌಢಶಾಲೆಯ ಶಿಕ್ಷಕ. 2014ರಲ್ಲಿ ಒಂದು ದಿನ ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದಾಗ ಮೊದಲ ಸಲ ಬಂತು. ಮೆಲ್ಲಗೆ ಏರಲಿಲ್ಲ, ಸ್ವಿಚ್ ಒತ್ತಿದಂತೆ ಶುರುವಾಯಿತು. ಕುತ್ತಿಗೆಯ ನರಗಳು ಕಪ್ಪೆಯ ಗಂಟಲಿನಂತೆ ಪಟಪಟ ಬಡಿದುಕೊಂಡವು. ಇಪ್ಪತ್ತು ನಿಮಿಷದ ನಂತರ ಅಷ್ಟೇ ಥಟ್ಟನೆ ನಿಂತಿತು. ಆಮೇಲೆ ಒಂದು ಗಂಟೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಯಿತು. ಈ ಕೊನೆಯದನ್ನು ಸಂಕೋಚದಿಂದ ಯಾರಿಗೂ ಹೇಳಲಿಲ್ಲ. ನಿಮಗೂ ಹಾಗಾಗುತ್ತಿದ್ದರೆ ದಯವಿಟ್ಟು ಹೇಳಿ, ಹೃದ್ರೋಗ ತಜ್ಞರಿಗೆ ಅದೊಂದು ಸುಳಿವು.

ಕೆಲವೇ ತಿಂಗಳಲ್ಲಿ ನನಗೊಂದು ಉಪಾಯ ಸಿಕ್ಕಿತು. ಉಸಿರು ಬಿಗಿಹಿಡಿದು ಜೋರಾಗಿ ತಿಣುಕಿದರೆ ಆ ಓಟ ನಿಲ್ಲುತ್ತಿತ್ತು. ಅದು ತಪ್ಪಲ್ಲ, ವೈದ್ಯರೇ ಹೇಳಿಕೊಡುತ್ತಾರೆ. ತಿಣುಕಿದಾಗ ವೇಗಸ್ ನರ ಚುರುಕಾಗಿ ಹೃದಯಕ್ಕೆ ಕಡಿವಾಣ ಹಾಕುತ್ತದೆ. ಹದಿನೈದು ಸೆಕೆಂಡ್ ತಿಣುಕಿ, ತಕ್ಷಣ ಅಂಗಾತ ಮಲಗಿ, ಇನ್ನೊಬ್ಬರಿಂದ ಕಾಲುಗಳನ್ನು ಎತ್ತಿಸಿಕೊಂಡರೆ ಇನ್ನೂ ಚೆನ್ನಾಗಿ ಫಲಿಸುತ್ತದೆ. ನನ್ನ ತಪ್ಪು ತಿಣುಕಿದ್ದಲ್ಲ, ತಿಣುಕಿದ ಜಾಗ.

ಒಮ್ಮೆ ತರಗತಿಯಲ್ಲೇ ಬಂದಾಗ ಸಹೋದ್ಯೋಗಿಯೊಬ್ಬರು ಸ್ಕೂಟರಿನಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಬಡಿತ ಇನ್ನೂ ಓಡುತ್ತಿತ್ತು. ಅಂಗಿ ಬಿಚ್ಚಿಸಿ ಮಲಗಿಸಿದರು. ತಂತಿ ಹಚ್ಚುವವರು ಜೆಲ್ ತರಲು ಆಚೆ ಹೋದರು. ಪರದೆಯ ಸಂದಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಕಂಡರು. ಮೇಷ್ಟ್ರು ಹೀಗೆ ಎದೆ ಬಡಿದುಕೊಂಡು ಮಲಗಿರುವುದನ್ನು ಅವರು ನೋಡುವುದು ಬೇಡವೆನಿಸಿ ಉಸಿರು ಕಟ್ಟಿ ತಿಣುಕಿದೆ. ಓಟ ನಿಂತಿತು. ಯಂತ್ರ 78 ಎಂದು ಬರೆಯಿತು. ವೈದ್ಯರು ಕಾಗದ ನೋಡಿ ಗ್ಯಾಸ್, ಆತಂಕ ಎಂದರು. ಅವರನ್ನು ದೂರುವಂತಿಲ್ಲ. ಇಸಿಜಿ ಹತ್ತು ಸೆಕೆಂಡಿನ ಒಂದು ಚಿತ್ರವಷ್ಟೆ. ನನ್ನಂಥ ಕಾಯಿಲೆಯಲ್ಲಿ ಓಟ ನಿಂತ ಮೇಲೆ ತೆಗೆದ ಇಸಿಜಿ ಸಾಮಾನ್ಯವಾಗಿ ಆರೋಗ್ಯವಂತನ ಇಸಿಜಿಯಂತೆಯೇ ಇರುತ್ತದೆ. ಇದ್ದ ಒಂದೇ ಸಾಕ್ಷಿಯನ್ನು ಅದು ಬಾಯಿ ತೆರೆಯುವ ಮೊದಲೇ ನಾನು ಹೊರಗಟ್ಟಿದ್ದೆ. ಆ ಕಾಗದವನ್ನೇ ಮುಂದಿನ ವೈದ್ಯರಿಗೂ ತೋರಿಸಿದೆ, ಅವರೂ ಅದನ್ನೇ ನಂಬಿದರು. ನಾಲ್ಕು ವರ್ಷ ಆತಂಕದ ಮಾತ್ರೆ ನುಂಗಿದೆ. ಬೈಕ್ ಬಿಟ್ಟೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಬಿಟ್ಟೆ, ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟೆ.

2018ರಲ್ಲಿ ಮೈಸೂರಿಗೆ ಹೋಗುವಾಗ ರೈಲಿನಲ್ಲಿ, ಶ್ರೀರಂಗಪಟ್ಟಣ ದಾಟಿದ ಮೇಲೆ ಬಂತು. ಈ ಸಲ ತಿಣುಕಲಿಲ್ಲ. ಇಳಿದು ಆಟೋದಲ್ಲಿ ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಹೋದೆ. ಕಾಗದದ ಮೇಲೆ 196. ಅಡೆನೋಸಿನ್ ಚುಚ್ಚುಮದ್ದು ಕೊಟ್ಟರು. ಕೆಲವು ಸೆಕೆಂಡು ಜೀವವೇ ಜಾರಿದಂತಾಯಿತು, ಆಮೇಲೆ ಬಡಿತ ಸರಿಹೋಯಿತು. ಕಾಯಿಲೆಯ ಹೆಸರು ಎವಿಎನ್‌ಆರ್‌ಟಿ. ಹೃದಯದ ಮೇಲಿನ ಕೋಣೆಯಿಂದ ಕೆಳಕ್ಕೆ ವಿದ್ಯುತ್ ಸಂಕೇತ ದಾಟುವ ಗಂಟಿನಲ್ಲಿ ಒಂದರ ಬದಲು ಎರಡು ದಾರಿಗಳಿರುತ್ತವೆ, ಒಂದು ವೇಗದ್ದು, ಒಂದು ನಿಧಾನದ್ದು. ಸಂಕೇತ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತದೆ. ಇದಕ್ಕೆ ಯೋಗ ಏನು ಮಾಡೀತು? ಮಾತ್ರೆ ಸುತ್ತನ್ನು ತಡೆಯಬಹುದು, ದಾರಿಯನ್ನು ಅಳಿಸುವುದಿಲ್ಲ.

‘ಕೊನೆಯ ಉಪಾಯ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದೇ ಇಲ್ಲ. ಪದೇ ಪದೇ ಕಾಡುವ ಎವಿಎನ್‌ಆರ್‌ಟಿಗೆ ಅಬ್ಲೇಶನ್ ಮೊದಲ ಸಾಲಿನ ಚಿಕಿತ್ಸೆ, ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ತಂತಿಯಂಥ ಕ್ಯಾತಿಟರ್‌ಗಳನ್ನು ಹೃದಯಕ್ಕೆ ಕಳಿಸುತ್ತಾರೆ. ಮೊದಲು ಬೇಕೆಂದೇ ಆ ಬಡಿತವನ್ನು ಬರಿಸುತ್ತಾರೆ. ‘ನಿಮಗೆ ಬರುವುದು ಇದೇನಾ?’ ಎಂದು ವೈದ್ಯರು ಕೇಳಿದಾಗ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷ ಆತಂಕವೆನ್ನಿಸಿಕೊಂಡದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡುತ್ತಿದ್ದರು. ನಿಧಾನದ ದಾರಿಯ ಮೇಲೆ ಕ್ಯಾತಿಟರ್‌ನ ತುದಿ ಇಟ್ಟು ಸುಮಾರು 60 ಡಿಗ್ರಿ ಶಾಖ ಕೊಟ್ಟರು. ಕಾಲು ಮಡಿಸದೆ ಆರು ಗಂಟೆ ಮಲಗಿದ್ದೇ ದೊಡ್ಡ ಕಷ್ಟ. ಮಾರನೆಯ ದಿನ ಮನೆಗೆ ಬಂದೆ.

ಅಪಾಯವನ್ನೂ ತಿಳಿದುಕೊಳ್ಳಿ: ಪಕ್ಕದ ಒಳ್ಳೆಯ ದಾರಿಗೆ ಪೆಟ್ಟಾದರೆ ಶಾಶ್ವತ ಪೇಸ್‌ಮೇಕರ್ ಬೇಕಾಗುತ್ತದೆ, ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಗುಣವಾಗುತ್ತದೆ. ಈ ಲೆಕ್ಕ ಎವಿಎನ್‌ಆರ್‌ಟಿಗೆ ಮಾತ್ರ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಲಯತಪ್ಪಿ ನಡುಗುವ ಕಾಯಿಲೆ) ಎಂದು ಹೇಳಿದ್ದರೆ ವಿಷಯವೇ ಬೇರೆ. ನಂತರದ ಕೆಲವು ವಾರ ಆಗಾಗ ಒಂದೊಂದು ಬಡಿತ ತಪ್ಪಿದಂತಾಗುತ್ತದೆ. ನಾನು ಮತ್ತೆ ಶುರುವಾಯಿತೆಂದು ನಡುಗಿದ್ದೆ, ತಾನಾಗಿಯೇ ಹೋಯಿತು.

ಹಾಗಾಗಿ ಈಗಲೇ ಯೋಗವೋ ಅಬ್ಲೇಶನ್ನೋ ಎಂದು ತೂಗುತ್ತಾ ಕೂರಬೇಡಿ. ಮೊದಲು ಆ ಬಡಿತವನ್ನು ಕಾಗದದ ಮೇಲೆ ಹಿಡಿಯಿರಿ. ಊರಾಚೆ ಒಬ್ಬರೇ ಇದ್ದಾಗ ತಿಣುಕಿ ನಿಲ್ಲಿಸಿಕೊಳ್ಳಿ. ಆಸ್ಪತ್ರೆ ಹತ್ತಿರವಿದ್ದರೆ ಹಾಗೆಯೇ ಹೋಗಿ ‘ಈಗ ಓಡುತ್ತಿದೆ, ಮೊದಲು ಇಸಿಜಿ ತೆಗೆಯಿರಿ’ ಎಂದು ಗಟ್ಟಿಯಾಗಿ ಹೇಳಿ. ತಲೆಸುತ್ತು, ಎದೆನೋವು, ಪ್ರಜ್ಞೆ ತಪ್ಪಿದಂತಾಗುವುದು ಇದ್ದರೆ ನೀವೇ ವಾಹನ ಓಡಿಸಬೇಡಿ, 108ಕ್ಕೆ ಕರೆ ಮಾಡಿ. ದಿನಾ ಬರುತ್ತಿದ್ದರೆ ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಸಿಕೊಳ್ಳಿ. ಸಿಕ್ಕ ಇಸಿಜಿಯನ್ನು ಅಂದೇ ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ಜೆರಾಕ್ಸ್ ಮಾಡಿಸಿ. ಆ ಕಾಗದದ ಗೆರೆಗಳು ವರ್ಷ ಕಳೆದಂತೆ ಮಾಸಿಹೋಗುತ್ತವೆ.