ಅಳೆಯದೆ ರಿಂಗ್ ಹಾಕಿಸಬೇಡಿ

ಪ್ರಶ್ನೆ (ಕುಮಟಾ): ಅಪ್ಪ ಕೊಂಡ 2003ರ ಮಾರುತಿ 800 ಇದೆ. 1,40,000 ಕಿ.ಮೀ. ಓಡಿದೆ. ದೇವಿಮನೆ ಘಟ್ಟ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ. 600 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಬದಲಿಸಿದರೆ ಸಾಕು ಎನ್ನುತ್ತಾರೆ ಮೆಕ್ಯಾನಿಕ್. ಲೇತ್‌ನವರು ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಲೇಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಮ್ಮ ಪತ್ರದಲ್ಲಿ ಅಳತೆಯ ಒಂದು ಅಂಕಿಯೂ ಇಲ್ಲ. ಅಂದರೆ ಯಾರೂ ಅಳೆದಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲ ಇದನ್ನೇ ಹೇಳುತ್ತೇನೆ.

ಘಟ್ಟ ಇಳಿದು ಕತಗಾಲದ ಹತ್ತಿರ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಮ್ಮೆ ಭುಸ್ಸೆಂದು ಹೊಗೆ ಬರುತ್ತಿದ್ದರೆ ಅನುಮಾನ ವಾಲ್ವ್ ಸೀಲ್ ಮೇಲೆ, ಅಂದರೆ ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಮೇಲೆ. ಗೇರ್‌ನಲ್ಲೇ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ. ಒಳಗಿನ ಎಳೆತಕ್ಕೆ ಸವೆದ ಸೀಲ್ ದಾಟಿ ಆಯಿಲ್ ಒಳಬರುತ್ತದೆ. ಅಂಥವರು ವಾಲ್ವ್‌ಗಳಿರುವ ಹೆಡ್‌ನ ಕೆಲಸವಷ್ಟೇ ಮಾಡಿಸಿದರೆ ಸಾಕು. ಆದರೂ ಎಷ್ಟೋ ಜನರ ಪಿಸ್ಟನ್ ಸುಮ್ಮನೆ ಹೊರಗೆ ಬಂದಿವೆ. ನಿಮ್ಮ ಗಾಡಿಯದು ಹತ್ತುವಾಗಿನ ಹೊಗೆ, ಹಾಗಾಗಿ ನನ್ನ ಅನುಮಾನವೂ ರಿಂಗ್ ಮೇಲೆಯೇ. ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಗೇಜ್‌ನಲ್ಲಿ ನೋಡಿಸಿ. ಕಡಿಮೆ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ತೊಂದರೆ ರಿಂಗ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳತೂತು) ಕಡೆಗೆ. ಏರದಿದ್ದರೆ ವಾಲ್ವ್‌ನದು.

ಬಿಚ್ಚಿದ ಮೇಲೆ ಎದುರಿಗೆ ನಿಂತು ಇದನ್ನು ಮಾಡಿಸಿ. ಹೊಸ ರಿಂಗ್ ಒಂದನ್ನು ಖಾಲಿ ಬೋರ್‌ನ ತಳಕ್ಕೆ ಪಿಸ್ಟನ್‌ನಿಂದ ಸಮನಾಗಿ ತಳ್ಳಿ. ಅಲ್ಲಿ ರಿಂಗ್ ಓಡಾಡುವುದಿಲ್ಲ, ಸವೆತವೂ ಇಲ್ಲ. ರಿಂಗ್ ಒಂದು ಕಡೆ ತೆರೆದಿರುತ್ತದೆ; ಆ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ (ಅಳತೆಯ ತೆಳು ತಗಡುಗಳಿಂದ) ಅಳೆಯಿರಿ. ಅದೇ ರಿಂಗನ್ನು ಮೇಲಕ್ಕೆ, ಸವೆದ ಜಾಗಕ್ಕೆ ತಂದು ಮತ್ತೆ ಅಳೆಯಿರಿ. ಕೆಳಗೆ 0.25, ಮೇಲೆ 0.55 ಮಿ.ಮೀ. ಬಂತು ಅನ್ನಿ. ವ್ಯತ್ಯಾಸ 0.30, ಅದು ಸುತ್ತಳತೆಯಲ್ಲಿ; 3.14ರಿಂದ ಭಾಗಿಸಿದರೆ ಸುಮಾರು 0.1 ಮಿ.ಮೀ. ಬೋರ್ ಅಷ್ಟು ಅಗಲವಾಗಿದೆ. ಅಷ್ಟಾದರೆ ನಾನು ಬರೀ ರಿಂಗ್ ಹಾಕುವುದಿಲ್ಲ. ಕಡಿಮೆ ಇದ್ದರೂ ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ಡಯಲ್ ಗೇಜ್‌ನಲ್ಲಿ ನೋಡಬೇಕು, ರಿಂಗ್ ಅದನ್ನು ತೋರಿಸುವುದಿಲ್ಲ.

ಬೋರ್‌ನ ಮೇಲಂಚಿನಲ್ಲಿ ಉಗುರು ಎಳೆದು ನೋಡಿ. ಮೆಟ್ಟಿಲಿನ ಹಾಗೆ ಸಿಕ್ಕಿಕೊಂಡರೆ ಅದು ಹಳೆ ರಿಂಗ್ ಸವೆಸದೆ ಬಿಟ್ಟ ಅಂಚು. ಕೆಲಸ ಕಲಿತ ಹೊಸದರಲ್ಲಿ, ಹಬ್ಬಕ್ಕೆ ಮೊದಲು ಕಾರು ಬೇಕೆಂಬ ಅವಸರಕ್ಕೆ ಮಣಿದು, ನಾನು ಅದನ್ನು ನೋಡದೆ ಹೊಸ ರಿಂಗ್ ಹಾಕಿ ಕಳಿಸಿದ್ದೆ. ಮೂರನೇ ವಾರಕ್ಕೆ ಕಾರು ಟಕಟಕ ಎನ್ನುತ್ತಾ ವಾಪಸ್ ಬಂತು. ಮೇಲಿನ ರಿಂಗ್ ಆ ಅಂಚಿಗೆ ಬಡಿದು ಮುರಿದು ಬೋರ್ ತುಂಬ ಗೀರು ಎಳೆದಿತ್ತು. ಆ ಬೋರ್ ಖರ್ಚು ನಾನೇ ಕೊಟ್ಟೆ.

ಬೋರ್ ಮಾಡಿಸುವುದಾದರೆ ಪಿಸ್ಟನ್ ಮೊದಲು ಕೊಳ್ಳಿ. ಮೂಲ ಅಳತೆ 68.5 ಮಿ.ಮೀ.; ಮುಂದಿನದು 0.25 ಅಥವಾ 0.50 ಹೆಚ್ಚಿನದು. ಕೈಯಲ್ಲಿರುವ ಪಿಸ್ಟನ್ ಅಳೆದೇ ಬೋರ್ ಕೊರೆಯಬೇಕು. ಕ್ರ್ಯಾಂಕ್, ಬೇರಿಂಗ್, ಆಯಿಲ್ ಪಂಪ್, ಹೆಡ್‌ನ ಸಮತಟ್ಟು ಎಲ್ಲವನ್ನೂ ಅದೇ ಸಲ ಅಳೆಸಿ.

ಇನ್ನು ತೊಳೆಯುವುದು. ಲೇತ್‌ನಿಂದ ಬಂದ ಸಿಲಿಂಡರ್ ಬ್ಲಾಕಿಗೆ ಬರೀ ಪೆಟ್ರೋಲ್ ಹೊಡೆದು ಒರೆಸಿದರೆ ಬೋರ್‌ಗೆ ಸಾಣೆ ಹಿಡಿದ ಪುಡಿ ಅದರ ಗೆರೆಗಳಲ್ಲೇ ಉಳಿಯುತ್ತದೆ, ಹೊಸ ರಿಂಗನ್ನು ಅದೇ ತಿನ್ನುತ್ತದೆ. ಬಿಸಿನೀರು, ಸೋಪು, ಬ್ರಷ್ ಹಾಕಿ ತಿಕ್ಕಿ. ಒಣಗಿಸಿ, ಆಯಿಲ್ ಹಚ್ಚಿದ ಬಿಳಿ ಪಂಚೆಯ ತುಂಡಿನಿಂದ ಬೋರ್ ಒರೆಸಿ. ಬಟ್ಟೆ ಬೂದಿಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ನಾಲ್ಕು ಸಲವಾದರೂ ಸರಿ, ಬಟ್ಟೆ ಬಿಳಿಯಾಗೇ ಉಳಿಯಬೇಕು ಮಾರಾಯ್ರೆ.

ಆಮೇಲೆ ಸಾವಿರ ಕಿ.ಮೀ. ನಲವತ್ತರಲ್ಲೇ ಓಡಿಸಿ ಎಂಬ ಮಾತು ನಂಬಬೇಡಿ. ಉರಿಯುವ ಗಾಳಿಯ ಒತ್ತಡ ಹಿಂದಿನಿಂದ ನೂಕಿದಾಗಲೇ ರಿಂಗ್ ಬೋರಿಗೆ ಕೂರುವುದು. ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ. ಎಂಜಿನ್ ಚಾಲೂ ಇಟ್ಟು ಸುಮ್ಮನೆ ನಿಲ್ಲಿಸಬೇಡಿ, ಪೂರ್ತಿ ಒತ್ತಲೂ ಬೇಡಿ. 1,000 ಕಿ.ಮೀ. ಒಳಗೆ ಆಯಿಲ್, ಫಿಲ್ಟರ್ ಬದಲಿಸಿ.

ಪ್ರಶ್ನೆ (ಸಿದ್ದಾಪುರ): ಹೊಗೆ ನಿಲ್ಲಿಸುವ ಬಾಟಲಿ ಔಷಧಿ ಹಾಕಲೇ?

ಉತ್ತರ: ಸವೆದ ಲೋಹ ಬಾಟಲಿಯಿಂದ ಬೆಳೆಯುವುದಿಲ್ಲ. ಹಾಗೆ ಹೇಳಿ ಮಾರುವವರು ನಿಮ್ಮ ದುಡ್ಡು ಕೀಳುತ್ತಿದ್ದಾರೆ.

ಪ್ರಶ್ನೆ (ಅಂಕೋಲಾ): ಸೀಮೆಎಣ್ಣೆ ತುಂಬಿ ಎಂಜಿನ್ ತೊಳೆಯಬಹುದೇ?

ಉತ್ತರ: ಬೇಡ. ಬೇರಿಂಗ್ ಹಾಳಾಗುತ್ತದೆ.

ಪ್ರಶ್ನೆ (ಕಾರವಾರ): ರೇಡಿಯೇಟರ್‌ಗೆ ಮನೆ ಬಾವಿಯ ನೀರು ಸಾಕಲ್ಲವೇ?

ಉತ್ತರ: ಕಡಲಂಚಿನ ಬಾವಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ನಾಲಿಗೆಗೆ ತಿಳಿಯದಿದ್ದರೂ ಅಲ್ಯೂಮಿನಿಯಂ ಹೆಡ್‌ಗೆ ತಿಳಿಯುತ್ತದೆ. ನೀರಿನ ದಾರಿಯ ಸುತ್ತ ಗುಳಿ ಬಿದ್ದ ಹೆಡ್‌ಗಳನ್ನು ಕರಾವಳಿಯ ಕಾರುಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೂಲಂಟ್ ಹಾಕಿ.

ಪ್ರಶ್ನೆ (ಸಿರಸಿ): ಇಷ್ಟೆಲ್ಲ ತಲೆನೋವಿಗಿಂತ ಗುಜರಿಯ ಎಂಜಿನ್ ಕೂರಿಸಿದರೆ?

ಉತ್ತರ: ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಲೇಬೇಕು. ಬಿಲ್ಲು, ದಾಖಲೆ ಕೊಡದವರ ಹತ್ತಿರ ಮುಟ್ಟಬೇಡಿ. ಕೊಟ್ಟರೂ ಆ ಎಂಜಿನ್ನಿನ ಬೋರ್ ಅಳೆಸಿದ ಮೇಲೆಯೇ ದುಡ್ಡು ಎಣಿಸಿ.