ಬೇಸಿಗೆಯಲ್ಲಿ ಅರ್ಥಿಂಗ್ ಏಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮದು ಗರಸು ಮಣ್ಣು. ಪಂಪ್‌ಸೆಟ್ಟಿನ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಲೇಬೇಕೆ? ಉಪ್ಪು ಸುರಿದರೆ ಸಾಲದೆ?

ಉತ್ತರ: ನೀರು ಬೇಕೇ ಬೇಕು. ಮರಳಿನ ಕಣ ಕರೆಂಟ್ ಒಯ್ಯುವುದಿಲ್ಲ; ಕಣಗಳ ನಡುವಿನ ತೇವದಲ್ಲಿ ಕರಗಿದ ಲವಣದ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಒಯ್ಯುತ್ತವೆ. ಜೇಡಿಕಣದ ಮೈಗೇ ಅಯಾನುಗಳು ಅಂಟಿರುತ್ತವೆ, ತೇವವೂ ಬೇಗ ಆರದು. ಅದಕ್ಕೇ ಹಸಿ ಎರೆಮಣ್ಣಿನ ರೋಧಶೀಲತೆ (ಕರೆಂಟಿಗೆ ಮಣ್ಣು ಒಡ್ಡುವ ತಡೆಯ ಅಳತೆ) ಹಲವೆಡೆ 10 ಓಮ್-ಮೀಟರ್ ಆಸುಪಾಸು, ಒಣ ಗರಸಿನದು ನೂರಾರು.

ಒಣಮಣ್ಣಿನಲ್ಲಿ ಬರೀ ಉಪ್ಪು ವ್ಯರ್ಥ. ಮಳೆಗೆ ತೊಳೆದುಹೋಗುತ್ತದೆ, ಗುಂಡಿಯಲ್ಲಿ ಹೂತ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೂ ತಿನ್ನುತ್ತದೆ. ಪೈಪಿನ ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯನ್ನು ನೀರಲ್ಲಿ ಕಲಸಿ ತುಂಬಿ. ಒಣಗಲು ಬಿಟ್ಟರೆ ಮಾತ್ರ ಬಿರುಕುಬಿಟ್ಟು ಪೈಪಿನಿಂದ ಕಳಚಿಕೊಳ್ಳುತ್ತದೆ.

ದಪ್ಪ ಪೈಪಿಗೆ ದುಡ್ಡು ಹಾಕಬೇಡಿ, ಆಳಕ್ಕೆ ಇಳಿಸಿ: ಉದ್ದ ಇಮ್ಮಡಿಯಾದರೆ ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಲ್ಲು ಅಡ್ಡ ಬಂದರೆ 2.5 ಮೀಟರಿನ ಎರಡು ಪೈಪುಗಳನ್ನು 5 ಮೀಟರ್ ಅಂತರದಲ್ಲಿ ನೆಟ್ಟು ಜೋಡಿಸಿ. ಒತ್ತೊತ್ತಾಗಿ ನೆಟ್ಟರೆ ಎರಡನೆಯದರಿಂದ ಅಷ್ಟೇನೂ ಪ್ರಯೋಜನವಿಲ್ಲ.