ಲೀಸಿಗೆ ಕೊಟ್ಟ ಮನೆ: ಹತ್ತು ಲಕ್ಷಕ್ಕೆ ನೀವು ಕಟ್ಟುವ ಬಡ್ಡಿ ಎಷ್ಟು?

ಪ್ರಶ್ನೆ: ಬೆಂಗಳೂರಿನ ನಾಗರಬಾವಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಮೇಲಿನ ಎರಡು ಬೆಡ್‌ರೂಮಿನ ಮನೆಗೆ ತಿಂಗಳಿಗೆ 15,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್ ಬರುತ್ತದೆ. ಮಗಳ ಮದುವೆಗೆ ಹಣ ಬೇಕಾಗಿದೆ. ಮೂರು ವರ್ಷಕ್ಕೆ 10 ಲಕ್ಷಕ್ಕೆ ಲೀಸಿಗೆ ಹಾಕಿ, ಬಡ್ಡಿಯಿಲ್ಲದ ಹಣ ಸಿಗುತ್ತದೆ ಅಂತ ಬ್ರೋಕರ್ ಹೇಳುತ್ತಿದ್ದಾರೆ. ಹಾಕಬಹುದೇ?

ಉತ್ತರ: ಬಡ್ಡಿ ಇದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಲೀಸೆಂದರೆ ಒಟ್ಟಿಗೆ ದೊಡ್ಡ ಮೊತ್ತ ಪಡೆದು, ತಿಂಗಳ ಬಾಡಿಗೆಯಿಲ್ಲದೆ ಮನೆ ಕೊಟ್ಟು, ಅವಧಿ ಮುಗಿದಾಗ ಅಷ್ಟನ್ನೂ ಹಿಂತಿರುಗಿಸುವುದು. ಲೀಸಿಗೆ ಕೊಟ್ಟರೆ ವರ್ಷಕ್ಕೆ 1.8 ಲಕ್ಷ ಬಾಡಿಗೆ ಬಿಟ್ಟುಕೊಡುತ್ತೀರಿ. ಬಾಡಿಗೆಗೆ ಕೊಟ್ಟಿದ್ದರೂ ಒಂದು ಲಕ್ಷ ಅಡ್ವಾನ್ಸ್ ಕೈಯಲ್ಲಿರುತ್ತಿತ್ತು. ಹಾಗಾಗಿ ಹೆಚ್ಚುವರಿಯಾಗಿ ಸಿಗುವುದು 9 ಲಕ್ಷ ಮಾತ್ರ. ಆ 9 ಲಕ್ಷಕ್ಕೆ 1.8 ಲಕ್ಷವೆಂದರೆ ವರ್ಷಕ್ಕೆ ಶೇ 20. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದಿರುತ್ತಿತ್ತು ಎಂದು ಹಿಡಿದರೂ ಶೇ 18 ದಾಟುತ್ತದೆ.

ಇದನ್ನು ಬ್ಯಾಂಕ್ ಸಾಲದ ಪಕ್ಕ ಇಟ್ಟು ನೋಡಿ. ಮನೆ ಅಡವಿಟ್ಟು ಶೇ 10.5ರ ಬಡ್ಡಿಗೆ 9 ಲಕ್ಷ ತೆಗೆದುಕೊಂಡರೆ, ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 12,150. ಬರುವ 15,000 ಬಾಡಿಗೆಯಲ್ಲೇ ಕಂತು ಕಟ್ಟಿ ಕೈಯಲ್ಲೂ ಸ್ವಲ್ಪ ಉಳಿಯುತ್ತದೆ, ಹತ್ತು ವರ್ಷಕ್ಕೆ ಸಾಲ ತೀರುತ್ತದೆ. ಲೀಸಿನಲ್ಲಿ ಮೂರು ವರ್ಷ ಬಾಡಿಗೆ ಕಳೆದುಕೊಂಡ ಮೇಲೂ ಅಷ್ಟೂ 10 ಲಕ್ಷ ಹಾಗೆಯೇ ತಲೆ ಮೇಲಿರುತ್ತದೆ.

ಎಡವಟ್ಟಾಗುವುದು ಅಲ್ಲೇ. ಮದುವೆಗೆ ಖರ್ಚಾದ ಹಣ ಮೂರು ವರ್ಷಕ್ಕೆ ಎಲ್ಲಿಂದ ಬರಬೇಕು? ಹೊಸ ಲೀಸುದಾರರನ್ನು ಹುಡುಕಿ ಹಳಬರಿಗೆ ಕೊಡಬೇಕು. ಹಳಬರು ಹಣ ಕೈಗೆ ಬರುವವರೆಗೆ ಬೀಗದ ಕೈ ಕೊಡುವುದಿಲ್ಲ, ಹೊಸಬರು ಖಾಲಿ ಮನೆ ನೋಡದೆ ಹಣ ಕೊಡುವುದಿಲ್ಲ. ಒಮ್ಮೆ ಈ ಸರಪಳಿಗೆ ಸಿಕ್ಕಿಬಿದ್ದ ಮನೆಯನ್ನು ಮತ್ತೆ ಬಾಡಿಗೆಗೆ ತರುವುದು ಕಷ್ಟ.

‘ಮೂರು ಲಕ್ಷ ಅಡ್ವಾನ್ಸ್, 12,000 ಬಾಡಿಗೆ’ ಎಂಬ ನಡುದಾರಿಯೂ ಅಗ್ಗವಲ್ಲ. ಹೆಚ್ಚು ಸಿಕ್ಕ ಎರಡು ಲಕ್ಷಕ್ಕೆ ವರ್ಷಕ್ಕೆ 36,000 ಬಿಟ್ಟಂತಾಯಿತು. ಅದೂ ಶೇ 18.

ಲೀಸು ಸರಿಹೋಗುವ ಸಂದರ್ಭ ಒಂದಿದೆ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಕಟ್ಟುತ್ತಿದ್ದರೆ ಅದು ವರ್ಷಕ್ಕೆ ಶೇ 36. ಅದನ್ನು ತೀರಿಸಲು ಲೀಸಿಗೆ ಕೊಟ್ಟರೆ ಲಾಭವೇ. ಬಿ ಖಾತೆ (ಅನುಮೋದನೆಗಳು ಪೂರ್ತಿಯಿಲ್ಲದೆ, ತೆರಿಗೆಗೆಂದು ಪಾಲಿಕೆಯಲ್ಲಿ ಪ್ರತ್ಯೇಕವಾಗಿ ದಾಖಲಾದ) ಮನೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಅಂಥವರು ಬೇರೆ ದಾರಿಯಿಲ್ಲದೆ ಇದಕ್ಕೆ ಬರುತ್ತಾರೆ.

ಕೊಡಲೇಬೇಕಾಗಿ ಬಂದರೆ ಇಷ್ಟು ನೋಡಿಕೊಳ್ಳಿ. ಸ್ಟಾಂಪ್ ಪೇಪರಿಗೆ ನೋಟರಿ ಮಾಡಿಸಿದರೆ ಸಾಕು ಎನ್ನುವುದು ತಪ್ಪು. ಹಣಕ್ಕೆ ಭದ್ರತೆಯಾಗಿ ಮನೆಯ ಸ್ವಾಧೀನ ಕೊಡುವುದು ಭೋಗ್ಯದ ಅಡಮಾನ; ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿಯಿರುವ ನೋಂದಾಯಿತ ಪತ್ರ ಬೇಕು. ಅದನ್ನು ಬರೀ ಗುತ್ತಿಗೆ ಎಂದು ಕರೆದರೂ, ಮೂರು ವರ್ಷದ್ದಾದ್ದರಿಂದ ನೋಂದಣಿ ತಪ್ಪಿದ್ದಲ್ಲ. ನೋಂದಣಿಯಾದದ್ದು ಇ.ಸಿ.ಯಲ್ಲಿ (ಆಸ್ತಿ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ) ಕಾಣುತ್ತದೆ. ಹಾಗಾಗಿ ಹಣ ಹಿಂತಿರುಗಿಸಿದ ದಿನವೇ ತೀರುವಳಿ ಪತ್ರವನ್ನೂ ನೋಂದಾಯಿಸಿಕೊಳ್ಳಿ. ಇಲ್ಲದಿದ್ದರೆ ನಾಳೆ ಮನೆ ಮಾರುವಾಗ ಅದೇ ತೊಡಕು. ಮನೆ ಮೇಲೆ ಆಗಲೇ ಗೃಹಸಾಲವಿದ್ದರೆ ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯಿರಿ.

ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ಹಿಂತಿರುಗಿಸುವುದೂ ಹಾಗೆಯೇ. 20,000 ಅಥವಾ ಹೆಚ್ಚಿನ ಸಾಲ, ಠೇವಣಿಯನ್ನು ನಗದಾಗಿ ಪಡೆದರೆ ಆದಾಯ ತೆರಿಗೆ ಇಲಾಖೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಮೋಟಾರು ಸುಟ್ಟರೆ, ಗೋಡೆ ಸೋರಿದರೆ, ನೀರಿನ ಟ್ಯಾಂಕರ್ ತರಿಸಿದರೆ ಖರ್ಚು ಯಾರದ್ದು ಎನ್ನುವುದನ್ನೂ ಪತ್ರದಲ್ಲೇ ಬರೆಸಿ. ಬಾಡಿಗೆಯೇ ಬರದ ಮನೆಗೆ ರಿಪೇರಿ ಮಾಡಿಸಲು ಮಾಲೀಕರಿಗೆ ಮನಸ್ಸು ಬರುವುದಿಲ್ಲ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ: ಬಾಡಿಗೆದಾರರು ಮೂರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಕರೆಂಟು, ನೀರು ನಿಲ್ಲಿಸಿದರೆ ತಾವೇ ಹೋಗುತ್ತಾರಲ್ಲವೇ?

ಉತ್ತರ: ಬೇಡ. ಬಲವಂತದಿಂದ ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಅವರು ಸ್ವಾಧೀನ ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ನಿಮ್ಮದು ಎಂಬ ವಾದ ನಡೆಯುವುದಿಲ್ಲ. ಕರಾರು ಪತ್ರದಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ಲಿಖಿತ ನೋಟಿಸು ಕೊಡಿ. ಸಹಿ ಹಾಕಿ, ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ. ಬರೀ ವಾಟ್ಸಾಪ್ ಸಂದೇಶ ನೆಚ್ಚಬೇಡಿ.

ನೋಟಿಸಿನ ಗಡುವು ಮುಗಿದ ಮೇಲೆ ಅವರು ಯುಪಿಐನಲ್ಲಿ ಸದ್ದಿಲ್ಲದೆ ಒಂದು ತಿಂಗಳ ಬಾಡಿಗೆ ಹಾಕಬಹುದು. ಸುಮ್ಮನೆ ಇಟ್ಟುಕೊಂಡರೆ ನೋಟಿಸು ಬಿಟ್ಟುಕೊಟ್ಟಿರಿ ಎಂದು ಆಮೇಲೆ ವಾದಿಸಲು ದಾರಿಯಾಗುತ್ತದೆ. ‘ಇದು ಹಳೆ ಬಾಕಿಗೆ ಜಮೆ, ನೋಟಿಸು ಹಾಗೆಯೇ ಇದೆ’ ಎಂದು ಅದೇ ದಿನ ಬರೆದು ತಿಳಿಸಿ. ಆಮೇಲೂ ಬಿಡದಿದ್ದರೆ ತೆರವಿಗೆ ಸಿವಿಲ್ ದಾವೆಯೇ. ಅದು ನಿಧಾನ, ಆದ್ದರಿಂದ ಅಡ್ವಾನ್ಸ್ ಪೂರ್ತಿ ಕರಗುವವರೆಗೆ ಕಾಯದೆ, ಎರಡನೇ ತಿಂಗಳ ಬಾಡಿಗೆ ತಪ್ಪಿದಾಗಲೇ ನೋಟಿಸು ಕಳಿಸುವುದು ಒಳ್ಳೆಯದು.